ಕೆಳಗಿನ ತೂಬಿನಿಂದ ಮೇಲಕ್ಕೆ

ಗೇಟಿನ ಚಿಲಕ ಕಿರ್ರೆನ್ನುತ್ತದೆ ಎಂದು ಒಂದು ತಿಂಗಳಿಂದ ಮನೆಯವರಿಗೆ ಹೇಳಿ ಹೇಳಿ ಸಾಕಾಗಿ, ಇವತ್ತು ಗ್ರೀಸ್ ಡಬ್ಬಿಯನ್ನು ನಾನೇ ಹುಡುಕಿ ತೆಗೆದೆ. ಮುಚ್ಚಳ ತಿರುವಿದ್ದೇ ತಡ, ಆ ಕರಿ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಯಾದಗಿರಿಯ ಈ ಅಂಗಳದಲ್ಲಿ ನಿಂತವಳು ಸೀದಾ ಭೀಮರಾಯನಗುಡಿಯ ಕಾಲುವೆ ಏರಿಯ ಮೇಲಿದ್ದೆ... ಒಳಗೆ ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಮನೋವಿಜ್ಞಾನದ ಪರೀಕ್ಷೆಗೆ ಓದುತ್ತಿದ್ದರು. ‘ವಾಸನೆಯು ಹಳೆಯ ನೆನಪುಗಳನ್ನು ಎಬ್ಬಿಸುತ್ತದೆ’ ಎಂದು ಒಬ್ಬಳು ದೊಡ್ಡ ದನಿಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಹೌದವ್ವ ಹೌದು, ಅಂದುಕೊಂಡೆ.

ಮಗಳು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಶಾಲೆಯ ಕೆಲಸಕ್ಕೆಂದು ಸುರಪುರಕ್ಕೆ ಹೋದ ನಾನು ಭಾನುವಾರ ಬರುತ್ತೇನೆ ಎಂದಿದ್ದೆ, ಬಂದದ್ದು ಮಂಗಳವಾರ. ಪರೀಕ್ಷೆ ತಲೆಯ ಮೇಲಿರುವಾಗ ಹೀಗಾ ಮಾಡುವುದು ಎಂದು ಮುಖ ಊದಿಸಿಕೊಂಡು ಕುಳಿತಿದ್ದಾಳೆ.

ಭೀಮರಾಯನಗುಡಿಯಲ್ಲಿದ್ದಾಗ ನಾನೂ ಇದೇ ಪಾಠವನ್ನು ಓದುತ್ತಿದ್ದೆ. ಅಪ್ಪ ನೀರಾವರಿ ಕ್ಯಾಂಪಿನ ಆಫೀಸಿನಲ್ಲಿ ಗುಮಾಸ್ತರು, ನಮ್ಮ ಕ್ವಾರ್ಟರ್ಸು ಕಾಲುವೆಗೆ ಕೂಗಳತೆಯಲ್ಲಿತ್ತು. ಕಾಲುವೆಗೆ ನೀರು ಬಂದು ಬಹಳ ವರ್ಷಗಳೇನೂ ಆಗಿರಲಿಲ್ಲ, ಜನ ಇನ್ನೂ ನೀರು ನೋಡುವುದಕ್ಕೆಂದೇ ಏರಿಯ ಮೇಲೆ ಬಂದು ನಿಲ್ಲುತ್ತಿದ್ದರು. ಶಿಕ್ಷಕಿಯಾಗುವ ತರಬೇತಿಯಲ್ಲಿ ನಾನು ಎಲ್ಲ ವಿಷಯ ಪಾಸಾಗಿ ಮನೋವಿಜ್ಞಾನವೊಂದರಲ್ಲಿ ಢುಮ್ಕಿ ಹೊಡೆದಿದ್ದೆ. ಓದಿರಲಿಲ್ಲವೆಂದಲ್ಲ. ಪರೀಕ್ಷೆಯ ಕೋಣೆಯಲ್ಲಿ ಕುಳಿತೊಡನೆ ತಲೆ ಬರಿಗೊಡವಾಗಿಬಿಡುತ್ತಿತ್ತು, ನನ್ನ ಹೆಸರು ಬರೆಯುವುದಕ್ಕೂ ಯೋಚಿಸಬೇಕಾಗುತ್ತಿತ್ತು. ಬಳಿಚಕ್ರದ ಒಂದು ಶಾಲೆಯ ಹೆಡ್‌ಮಾಸ್ತರರು, ‘ಈ ಸಲ ಪಾಸಾಗಿ ಬಾ ತಂಗಿ, ಜಾಗಾ ಹಿಡದಿಟ್ಟೀನಿ. ಮತ್ತ ಫೇಲಾದ್ರ ಬ್ಯಾರೇದವರನ್ನ ತಗೋಬೇಕಾಗ್ತದ’ ಎಂದಿದ್ದರು. ಆ ಕೆಲಸದ ಮೇಲೆ ನನ್ನ ಜೀವವೇ ಇತ್ತು.

ರಂಗಂಪೇಟೆಯಿಂದ ಗೆಳತಿಯೊಬ್ಬಳು ಬಂದು ನಮ್ಮ ಮನೆಯಲ್ಲೇ ಉಳಿದಳು. ಅವಳದೂ ಅದೇ ಗತಿ. ಬೆಳಗ್ಗೆ ಎದ್ದು ಇಬ್ಬರೂ ಏರಿಯ ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ಕೂರುತ್ತಿದ್ದೆವು. ಗೇಟ್ ಕಾಕಾ ನಮಗೆ ಗಂಟುಬಿದ್ದದ್ದು ಅಲ್ಲೇ.

ಮರಿಕಾಲುವೆಯ ತೂಬುಗಳನ್ನು ತೆರೆದು ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಹೆಗಲ ಮೇಲೆ ಗೇಟು ತಿರುವುವ ಕಬ್ಬಿಣದ ಹಿಡಿಕೆ, ಮೊಣಕೈವರೆಗೆ ಗ್ರೀಸು, ಕೊರಳಿಗೆ ಸುತ್ತಿದ ಕೆಂಪು ಟವೆಲು. ಸೊಂಟದ ಮೇಲೆ ಮೊಮ್ಮಗಳು, ಮೂರು ವರ್ಷದ್ದು. ಅವನ ಮಗಳು ಹತ್ತಿ ಬಿಡಿಸಲು ಹೋಗುವಾಗ ಕೂಸನ್ನು ಇವನಿಗೆ ಒಪ್ಪಿಸಿ ಹೋಗುತ್ತಿದ್ದಳು. ಓದು ಬರಹ ಬಾರದ ಮನುಷ್ಯ, ಆದರೆ ಯಾವ ದಿನ ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದೆಲ್ಲ ಬಾಯಲ್ಲೇ ಇತ್ತು. ಒಂದು ಚೀಟಿಯೂ ಇಲ್ಲ.

‘ಹೆಂಗ ಕಾಕಾ, ಇಷ್ಟೆಲ್ಲಾ ನೆನಪಿಡ್ತೀ?’ ಎಂದು ನಾನು ಹೊಟ್ಟೆಕಿಚ್ಚಿನಿಂದಲೇ ಕೇಳಿದೆ.

‘ನೆನಪಿಡಾಂಗಿಲ್ಲ ಬೇ. ಒಂದೊಂದು ತೂಬಿನ ಮ್ಯಾಲ ಒಬ್ಬೊಬ್ಬರನ್ನ ಕುಂದ್ರಸ್ತೀನಿ. ಒಬ್ಬಾವ ಬೀಡಿ ಸೇದಾಕತ್ತಿರ್ತಾನ, ಒಬ್ಬಾಕಿ ನನಗ ಬೈಯಾಕತ್ತಿರ್ತಾಳ. ನಾ ಬರೇ ನಡಕೋತ ಹೋಗ್ತೀನಿ, ಅವರೇ ಮಾತಾಡಸ್ತಾರ.’

ಗೆಳತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮರುದಿನವೇ ನಮ್ಮ ಪಾಠ ತೂಬುಗಳ ಮೇಲೆ ಹತ್ತಿ ಕುಳಿತಿತು! ಮಗು ತಾಯಿಗೆ ಅಂಟಿಕೊಳ್ಳುವ ನಾಲ್ಕು ಹಂತಗಳೆಂದರೆ ನನಗೆ ಪೀಡೆ, ಪ್ರತಿಸಲ ಕಲಸಿಹೋಗುತ್ತಿದ್ದವು. ಕಾಕಾನ ಹಿಂದೆ ನಡೆಯುತ್ತ ಅವಕ್ಕೆ ಒಂದೊಂದು ಜಾಗ ಕೊಟ್ಟೆವು. ಎಲ್ಲರನ್ನೂ ಕಂಡು ನಗುವ ಎಳೆಗೂಸಿನ ಹಂತಕ್ಕೆ, ಯಾರು ಬಂದರೂ ಹಲ್ಲು ಕಿರಿಯುವ ಚಹಾದಂಗಡಿಯವ. ಪರಿಚಿತರನ್ನು ಗುರುತಿಸುವ ಹಂತಕ್ಕೆ, ಕಾಕಾನಿಗೆ ಮಾತ್ರ ಬಾಲ ಅಲ್ಲಾಡಿಸುವ ಬಿಳಿನಾಯಿ. ತಾಯಿ ಮರೆಯಾದರೆ ಅಳುವ ಹಂತಕ್ಕೆ, ಎಮ್ಮೆ ಕಾಣದಿದ್ದರೆ ಊರೇ ಕೇಳುವಂತೆ ಕೂಗುವ ಮುದುಕಿ. ನಾಲ್ಕನೆಯದು, ತಾಯಿ ಹೋದರೂ ಮರಳಿ ಬರುತ್ತಾಳೆಂದು ತಿಳಿಯುವ ಹಂತ. ಅಲ್ಲಿ ಕಾಕಾನ ಮೊಮ್ಮಗಳನ್ನೇ ಕೂರಿಸಿದೆವು.

ಆ ಮೊಮ್ಮಗಳೋ, ಸಂಜೆ ಅವ್ವ ಬಂದರೆ ಓಡಿಹೋಗಿ ಅಪ್ಪಿಕೊಳ್ಳುವ ಪೈಕಿಯಲ್ಲ. ಮುಖ ತಿರುಗಿಸಿ ಅಜ್ಜನ ಟವೆಲಿನಲ್ಲಿ ಮೂತಿ ಮುಚ್ಚಿಕೊಳ್ಳುತ್ತಿದ್ದಳು. ‘ಅಯ್ಯ, ಅವ್ವನ್ನ ಕಂಡ್ರ ಆಗಾಂಗಿಲ್ಲೇನು ಇಕಿಗಿ?’ ಎಂದೆ ಒಮ್ಮೆ. ಕಾಕಾ ನಕ್ಕ. ‘ಅವ್ವ ಬಂದೇ ಬರ್ತಾಳಂತ ಖಾತ್ರಿ ಅದ, ಅದಕ್ಕ ಸಿಟ್ಟು. ಬರಲಾರದವರ ಮ್ಯಾಲ ಯಾರು ಸಿಟ್ಟು ಮಾಡ್ತಾರ ತಂಗಿ?’ ನಾನು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ.

ಒಂದು ಸಂಗತಿ ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಕಾಕಾ ಯಾವಾಗಲೂ ಕಾಲುವೆಯ ಕೊನೆಯ ತೂಬಿನಿಂದ ಶುರು ಮಾಡುತ್ತಿದ್ದ. ‘ಮ್ಯಾಲಿನವರು ಹೆಂಗಾದ್ರೂ ನೀರು ಹಿಡೀತಾರ, ಕೆಳಗಿನವರಿಗೆ ಮುಟ್ಟಬೇಕಲಾ’ ಎನ್ನುವುದು ಅವನ ನ್ಯಾಯ. ಹೀಗಾಗಿ ನಮ್ಮ ಮೊದಲ ಹಂತ ಕೂತದ್ದು ಕೊನೆಯ ತೂಬಿನ ಮೇಲೆ, ನಾಲ್ಕನೆಯದು ಎಲ್ಲಕ್ಕಿಂತ ಮೇಲಿನ ತೂಬಿನ ಮೇಲೆ. ಆದರೆ ತೂಬಿನ ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರುಗಳು ಮೇಲಿನಿಂದ ಶುರುವಾಗುತ್ತಿದ್ದವು...

ಪರೀಕ್ಷೆಯ ದಿನ ಶಹಾಪುರದಲ್ಲಿ ಪ್ರಶ್ನೆಪತ್ರಿಕೆ ತೆರೆದರೆ ಅದೇ ಪ್ರಶ್ನೆ! ಕಣ್ಣು ಮುಚ್ಚಿದೆ, ಏರಿ ಬಂತು, ಒಂದನೇ ನಂಬರಿನ ಕಲ್ಲು ಬಂತು, ಅದರ ಮೇಲೆ ಮೊಮ್ಮಗಳು ಮೂತಿ ತಿರುಗಿಸಿ ಕುಳಿತಿದ್ದಳು. ತಲೆ ಬರಿದಾಗಲೇ ಇಲ್ಲ. ಸರಸರ ಬರೆದೆ, ಮೂರು ಪುಟ. ಎಲ್ಲ ಮುಗಿಸಿ ಓದಿ ನೋಡುತ್ತೇನೆ... ಅಯ್ಯೋ ಶಿವನೇ! ನನ್ನ ಉತ್ತರದಲ್ಲಿ ಆಗತಾನೇ ಹುಟ್ಟಿದ ಕೂಸು, ‘ಅವ್ವ ಕೆಲಸಕ್ಕೆ ಹೋಗಿದ್ದಾಳೆ, ಬರುತ್ತಾಳೆ’ ಎಂದು ತಿಳಿದುಕೊಂಡು ತಣ್ಣಗೆ ಮಲಗಿತ್ತು. ಮೂರು ವರ್ಷದ ಮಗು ಹೋಗಿಬರುವವರಿಗೆಲ್ಲ ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ನಂಬರು ನೋಡಿ ನಡೆದು, ಇಡೀ ಪಾಠವನ್ನು ತಲೆಕೆಳಗು ಮಾಡಿದ್ದೆ.

ಅಳುವ ಬದಲು ನನಗೆ ನಗು ಬಂತು. ಮೇಲ್ವಿಚಾರಕರು ಗದರಿದರು. ಉಳಿದದ್ದು ಐದೇ ನಿಮಿಷ, ಮತ್ತೆ ಬರೆಯುವ ಮಾತಿಲ್ಲ. ಹಂತಗಳ ಸಂಖ್ಯೆಗಳನ್ನು ತಿದ್ದಿ, ಉತ್ತರದ ನೆತ್ತಿಯ ಮೇಲೆ ದಪ್ಪಗೆ ಬರೆದೆ: ‘ದಯವಿಟ್ಟು ಈ ಉತ್ತರವನ್ನು ಕೊನೆಯಿಂದ ಮೇಲಕ್ಕೆ ಓದಬೇಕು.’

ಯಾರೋ ಪುಣ್ಯಾತ್ಮರು ಹಾಗೇ ಓದಿದರು. ನಾನು ಪಾಸು, ಗೆಳತಿಯೂ ಪಾಸು! ಏರಿಯ ಮೇಲೆ ಓಡಿಹೋಗಿ ಕಾಕಾನಿಗೆ ಎಲ್ಲ ಹೇಳಿದೆ. ಅವನು ನಕ್ಕು ನಕ್ಕು ಹಿಡಿಕೆಯನ್ನೇ ಕೆಳಗೆ ಇಟ್ಟ. ‘ಭಲೇ ಮಗಳ! ಪೇಪರ್ ತಿದ್ದಾವರ ಕೈಲೂ ಕೆಳಗಿನ ತೂಬಿನಿಂದನ ನೀರು ಬಿಡಿಸಿದಿ!’ ಎಂದ.

ಬಳಿಚಕ್ರದ ಕೆಲಸ ಸಿಕ್ಕಿತು. ಹೊರಡುವಾಗ, ದಸರಾಕ್ಕೆ ಬರುತ್ತೇನೆ ಕಾಕಾ ಎಂದು ಮಾತು ಕೊಟ್ಟವಳು ಹೋದದ್ದು ಯುಗಾದಿ ದಾಟಿದ ಮೇಲೆ. ಕಾಕಾ ನನ್ನನ್ನು ನೋಡಿದ, ಮುಖ ತಿರುಗಿಸಿದ, ಗೇಟಿಗೆ ಗ್ರೀಸು ಬಳಿಯುತ್ತಲೇ ಇದ್ದ. ನಾನು ಪಕ್ಕದಲ್ಲಿ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಟವೆಲಿನ ಗಂಟು ಬಿಚ್ಚಿ, ಹುರಿದ ಶೇಂಗಾ ನನ್ನ ಕಡೆ ಸರಿಸಿದ. ನನಗಾದ ಖುಷಿ ಹೇಳತೀರದು.

ಆಮೇಲೆ ಅಪ್ಪನಿಗೆ ವರ್ಗವಾಯಿತು, ನನಗೆ ಮದುವೆ, ಮಗಳು, ಶಾಲೆ... ನಾಳೆ ಹೋದರಾಯಿತು ಎನ್ನುತ್ತಲೇ ವರ್ಷಗಳು ಹೋದವು. ಕಡೆಗೊಮ್ಮೆ ಬಿಡುವು ಮಾಡಿಕೊಂಡು ಹೋದರೆ, ತೂಬಿನ ಬಳಿ ಬೇರೊಬ್ಬ ಇದ್ದ. ಕಾಕಾ ಎಲ್ಲಿ ಎಂದು ಕೇಳಿದೆ. ‘ಅವರು ಹೋಗಿ ಎರಡು ವರ್ಷ ಆತ್ರಿ ಅಕ್ಕಾರ. ನೀವು ಯಾರ್ರಿ?’ ಎಂದ ಆತ ಮೆಲ್ಲಗೆ. ಕಾಕಾ ಮುಖ ತಿರುಗಿಸಿಕೊಂಡಿದ್ದರೆ ಸಾಕಿತ್ತು, ದಿನವಿಡೀ ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಮೇಲೆ ಸಿಟ್ಟು ಮಾಡಲು ಅಲ್ಲಿ ಯಾರೂ ಇರಲಿಲ್ಲ. ಏರಿಯ ಮೇಲೆ ಕುಳಿತು ಅತ್ತೆ.

ಚಿಲಕಕ್ಕೆ ಗ್ರೀಸು ಬಳಿದು, ಅದೇ ಕೈಯಲ್ಲಿ ಒಳಗೆ ಬಂದೆ. ಗೆಳತಿಯರಿಬ್ಬರು ನಾಲ್ಕು ಹಂತಗಳಲ್ಲಿ ಯಾವುದು ಮೊದಲು ಎಂದು ಜಗಳಾಡುತ್ತಿದ್ದರು. ಮಗಳ ಪಕ್ಕದಲ್ಲಿ ಹೋಗಿ ಕುಳಿತೆ. ಅವಳು ಪಟ್ಟನೆ ಮುಖ ಆ ಕಡೆ ತಿರುಗಿಸಿದಳು.

ತಿರುಗಿಸಲಿ. ಅವರ ಮುಂದಿದ್ದ ಬಟ್ಟಲಿನ ಶೇಂಗಾವನ್ನು ಅವಳ ಕಡೆ ಸರಿಸಿ, ನಾನು ಅಲ್ಲೇ ಕುಳಿತೆ.