ಬಾಳಪ್ಪ ಕಾಕಾನ ಹದಿನಾರು ಹೆಜ್ಜೆ

ಬಾಳಪ್ಪ ಕಾಕಾ ನಡೆಯುವಾಗ ಅವರ ತುಟಿಗಳು ಅಲ್ಲಾಡುತ್ತಿದ್ದವು. ಮದುವೆಯಾಗಿ ಗೋಕಾಕಿಗೆ ಬಂದ ಹೊಸತರಲ್ಲಿ, ಏನೋ ಮಂತ್ರ ಹೇಳಿಕೊಳ್ಳುತ್ತಾರೆಂದು ತಿಳಿದಿದ್ದೆ. ಅವರು ಎಣಿಸುತ್ತಿದ್ದುದು ಹೆಜ್ಜೆಗಳನ್ನು. ನಮ್ಮ ಹೊಸ್ತಿಲಿನಿಂದ ಓಣಿಯ ಬಾವಿಗೆ ನಲವತ್ತೆರಡು. ನಡುವೆ ಯಾರಾದರೂ ಮಾತನಾಡಿಸಿದರೆ ಬೆರಳೆತ್ತಿ ತಡೆಯುವರು. ಊರಿದ ಕಾಲನ್ನು ಊರಿದಲ್ಲೇ ಇಟ್ಟುಕೊಂಡು ಮಾತು ಮುಗಿಸಿ, ಆಮೇಲೆ ಮುಂದಿನ ಹೆಜ್ಜೆ.

ಅವರು ಮುನಸಿಪಾಲಿಟಿಯಲ್ಲಿ ಕಾರಕೂನರು, ನಮ್ಮ ಓಣಿಯವರೇ, ಮಾವನವರ ಗೆಳೆಯರು. ಕೋಟಿನ ಎಡಜೇಬಿನಲ್ಲಿ ಶಾಯಿಯ ಕಲೆ, ಬಲಜೇಬಿನಲ್ಲಿ ಅಳತೆಯ ಹುರಿಯುಂಡೆ ಯಾವಾಗಲೂ ಇರುತ್ತಿದ್ದವು.

ಯುದ್ಧದ ವರ್ಷಗಳು. ಪೇಟೆಯಲ್ಲಿ ಕಾಯಿಪಲ್ಲೆಯೂ ತುಟ್ಟಿ. ನಮ್ಮ ಓಣಿಯ ಹಿಂದೆ ಮುಳ್ಳುಕಂಟಿ ಬೆಳೆದ ಮುನಸಿಪಾಲಿಟಿಯ ಖುಲ್ಲಾ ಜಾಗವಿತ್ತು. ಕಾಕಾ ಅಧ್ಯಕ್ಷರ ಬಾಯಿಮಾತಿನ ಒಪ್ಪಿಗೆ ತಂದು, ಓಣಿಯವರಿಂದ ಅದನ್ನು ಹಸನು ಮಾಡಿಸಿ, ಮನೆಗೊಂದರಂತೆ ಹನ್ನೊಂದು ಪಾತಿ ಹಾಕಿಸಿದರು. ಒಂದೊಂದೂ ಉದ್ದಕ್ಕೆ ಅವರ ಹದಿನಾರು ಹೆಜ್ಜೆ. ಬಾವಿಯ ಬಚ್ಚಲ ನೀರಿಗೇ ಬದನೆ, ಮೆಂತ್ಯೆ, ಅವರೆ ಬೆಳೆದವು.

ಎರಡು ವರ್ಷಕ್ಕೆ ಅರಳೆ ವ್ಯಾಪಾರದ ಸಾವಕಾರರೊಬ್ಬರು ಆ ಜಾಗವನ್ನು ಮೂಟೆ ತುಂಬುವ ವಖಾರಿಗೆ ಕೇಳಿದರು. ಮುನಸಿಪಾಲಿಟಿಯ ಮೆಂಬರರು ಬಂದು ನೋಡಿ, ತೋಟಕ್ಕೋ ವಖಾರಿಗೋ ಎಂದು ಠರಾವು ಮಾಡುವುದೆಂದಾಯಿತು. ಅಂದೇ ಕಾಕಾ ಕಾಗದದ ಕಟ್ಟು ಹಿಡಿದು ನಮ್ಮ ಪಡಸಾಲೆಗೆ ಬಂದರು.

“ಬಾಯಿಮಾತಿನ ತೋಟ ಬಾಯಿಮಾತಿಲೇ ಹೋಗತೈತಿ, ತಂಗಿ. ನಿಯಮಾ ಬರೀಬೇಕು. ನಿನ್ನ ಅಕ್ಷರ ಮುತ್ತಿನಂಗ ಅದಾವು, ಇಂಗ್ಲಿಷಿನಾಗೊಂದು ಪ್ರತಿ ಮಾಡಿಕೊಡವಾ.”

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿಸಿದ ದುಂಡಕ್ಷರ ನನ್ನದು. ಕಾಕಾ ಹೇಳುತ್ತ ಹೋದರು: ಪಾತಿಯನ್ನು ಮಾರುವಂತಿಲ್ಲ, ಮತ್ತೊಬ್ಬರಿಗೆ ಕೊಡುವಂತಿಲ್ಲ, ಮಗನಿಗೂ ಬಿಟ್ಟುಹೋಗುವಂತಿಲ್ಲ. ಖಾಲಿಯಾದ ಪಾತಿ ಕಾಯುವವರ ಯಾದಿಯಲ್ಲಿ ಮೊದಲಿದ್ದವರಿಗೆ. ಮರವಾಗುವ ಗಿಡ ಹಚ್ಚಿದವರ ಪಾತಿ ಅಂದೇ ರದ್ದು.

“ಗಿಡಾ ಯಾಕ ಬ್ಯಾಡ ಕಾಕಾ?”

“ಬದನಿ ವರ್ಷಕ್ಕ ಎದ್ದು ಹೋಗತೈತಿ. ಗಿಡಾ ಏಳೂದಿಲ್ಲ. ಅದರ ಬುಡಕ್ಕ ಒಬ್ಬರು ಕಲ್ಲ ಇಡತಾರ, ಇನ್ನೊಬ್ಬರು ಕುಂಕುಮಾ ಹಚ್ಚತಾರ, ಮತ್ತೊಬ್ಬರು ಕಟ್ಟಿ ಕಟ್ಟತಾರ. ಆಮ್ಯಾಲೆ ಊರ ಜಾಗಾ ಎಲ್ಲೀದು? ಸಾವಕಾರರು ಇದನ್ನ ಹಿಡಕೊಂಡ ಕುಂತಾರ. ಇವತ್ತ ತೋಟ, ನಾಳೆ ಗುಡಿ ಅಂತ.”

ನನ್ನ ಲೇಖಣಿ ನಿಂತಿತು. ನಮ್ಮ ಪಾತಿಯಲ್ಲಿ, ಅವರೆ ಚಪ್ಪರದ ಮರೆಗೆ, ಅತ್ತೆ ಹಚ್ಚಿದ ಬಿಲ್ವಪತ್ರಿಯ ಸಸಿಯಿತ್ತು. ಮೊಣಕಾಲೆತ್ತರ. ನಮ್ಮ ಅಂಗಳಕ್ಕೆಲ್ಲ ಕಲ್ಲುಹಾಸು. ಲಿಂಗಪೂಜೆಯ ಪತ್ರಿಗಾಗಿ ಅತ್ತೆ ದಿನವೂ ಮಂದಿಯ ದಾರಿ ಕಾಯಬೇಕಿತ್ತು. ನಾನು ಸಸಿಯನ್ನು ಕಂಡ ದಿನ ಅವರೆಂದಿದ್ದರು, “ನೀ ನೋಡಿಲ್ಲ, ನಾ ಹಚ್ಚಿಲ್ಲ. ತಿಳೀತ?”

ಪತ್ರಿಗಿಡ ಕೀಳಬೇಕೆಂಬ ಮಾತು ನಮ್ಮಂಥ ಮನೆಯಲ್ಲಿ ಯಾರ ನಾಲಿಗೆಯಲ್ಲೂ ಬರುವುದಲ್ಲ. ಲೇಖಣಿಯ ತುದಿ ಒರೆಸಿಕೊಂಡು ಆ ನಿಯಮವನ್ನೂ ದುಂಡಾಗಿ ಬರೆದೆ. ಬಾಯಿ ಬಿಡಲಿಲ್ಲ.

ಮೆಂಬರರು ಬಂದ ಬೆಳಗ್ಗೆ ಬಾವಿಯ ಸುತ್ತ ನಾವು ಹೆಂಗಸರು ಕೊಡ ಹಿಡಿದು ನಿಂತಿದ್ದೆವು. ಯಾರೂ ನೀರು ಸೇದುತ್ತಿರಲಿಲ್ಲ. ಮೂವರು ಮೆಂಬರರು, ಅವರ ಬೆನ್ನಿಗೆ ಬೆಳ್ಳಿಹಿಡಿಯ ಕೊಡೆಯ ಸಾವಕಾರರು. ಮುಂದೆ ತುಟಿ ಅಲ್ಲಾಡಿಸುತ್ತ ಕಾಕಾ.

“ನಿಯಮಾ ಭಾಳ ಚಂದ ಬರದೀರಿ ಕಾರಕೂನ್ರ,” ಸಾವಕಾರರು ನಕ್ಕರು. “ಅವನ್ನ ಪಾಲಸಾವರು ಯಾರ್ರೀ?”

ಕಾಕಾ ಎಣಿಕೆಯಲ್ಲಿದ್ದರು. ಎಂಟು ಪಾತಿ ಮುಗಿದವು. ಒಂಬತ್ತನೆಯದು ನಮ್ಮದು. ಹನ್ನೊಂದನೇ ಹೆಜ್ಜೆಗೆ ಕಾಕಾ ನಿಂತರು.

“ಯಾಕ್ರಿ, ಎಣಿಕಿ ತಪ್ಪತೇನು?” ಹಿರಿಯ ಮೆಂಬರರು ಕೇಳಿದರು.

ಕಾಕಾ ಅವರೆ ಬಳ್ಳಿಯನ್ನು ಕೈಯಿಂದ ಸರಿಸಿ ಒಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಆ ಬಳ್ಳಿಯನ್ನು ಅವರು ಸುಮ್ಮನೆ ಬಿಟ್ಟಿದ್ದರೆ ತಾನೇ ಮುಚ್ಚಿಕೊಳ್ಳುತ್ತಿತ್ತು.

“ಎಣಿಕಿ ತಪ್ಪಿಲ್ರಿ,” ಎಂದರು. “ನಿಯಮಾ ತಪ್ಪೇತಿ.”

“ಬಂತ ನೋಡ್ರಿ ಗುಡಿ!” ಸಾವಕಾರರು ಕೊಡೆಯನ್ನು ನೆಲಕ್ಕೆ ಕುಟ್ಟಿದರು. “ಕಡಸ್ರಿ ಈಗ, ನೋಡೂನು.”

ಅತ್ತೆ ಕೊಡ ಇಳಿಸಿ ಸಸಿಯ ಮುಂದೆ ಹೋಗಿ ನಿಂತರು. “ಕೊಡ್ಲಿ ಹಾಕೂದಿದ್ರ ಮದಲ ನನ್ನ ಕಾಲಿಗೆ ಹಾಕು, ಬಾಳಪ್ಪ.”

ಕಾಕಾ ಕೋಟು ಕಳಚಿ ಬಾವಿಯ ಕಟ್ಟೆಯ ಮೇಲಿಟ್ಟರು. ಬುಟ್ಟಿಯೊಂದನ್ನು ತರಿಸಿ, ಅತ್ತೆಯ ಕಾಲಬುಡದಲ್ಲೇ ಕುಕ್ಕರಗಾಲಲ್ಲಿ ಕುಳಿತರು. “ಕಡ್ಯಾಕ ಅಲ್ಲವಾ, ಕರಕೊಂಡ ಹೋಗಾಕ. ನಮ್ಮೂರು ಮಮದಾಪುರದಾಗ ನಮ್ಮ ಹೊಲದ ಬದುವಿಗೆ ಹಚ್ಚತೀನಿ. ಹಿಂದಕ್ಕ ಸರಿ.”

ಅತ್ತೆ ಬಹಳ ಹೊತ್ತು ಸರಿಯಲಿಲ್ಲ. ಕಾಕಾ ಮತ್ತೆ ಕೇಳಲೂ ಇಲ್ಲ, ಏಳಲೂ ಇಲ್ಲ. ಕೊನೆಗೆ ಅತ್ತೆಯ ಸೀರೆಯ ಅಂಚು ಒಂದು ಗೇಣು ಹಿಂದಕ್ಕೆ ಹೋಯಿತು. ಕಾಕಾ ಬರಿಗೈಯಲ್ಲೇ ಸುತ್ತ ಅಗೆದು, ಬೇರು ಹರಿಯದಂತೆ ಮಣ್ಣಿನ ಹೆಂಟೆಸಮೇತ ಸಸಿಯನ್ನೆತ್ತಿ ಬುಟ್ಟಿಯಲ್ಲಿಟ್ಟರು. ಅದೇ ಮಣ್ಣುಗೈಯಲ್ಲಿ ದಫ್ತರ ಬಿಚ್ಚಿ ಎಲ್ಲರಿಗೂ ಕೇಳುವಂತೆ ಓದಿದರು: “ಒಂಬತ್ತನೇ ಪಾತಿ ಇವತ್ತಿನಿಂದ ಖಾಲಿ.” ಮತ್ತೇನೋ ಒಂದು ಸಾಲು ಬರೆದು ಮುಚ್ಚಿದರು.

ಹಿರಿಯ ಮೆಂಬರರು ಸಾವಕಾರರ ಕಡೆ ತಿರುಗಿದರು. “ಗೆಳ್ಯಾನ ಮನೀ ಪಾತಿ ಕಸಗೊಂಡಾವ ಗುಡಿ ಕಟ್ಟಾಕ ಬಿಡತಾನೇನ್ರಿ?”

ಆ ವಾರವೇ ಠರಾವು ತೋಟದ ಪರವಾಗಿ ಆಯಿತು. ನಮ್ಮ ಪಾತಿ ಬಳೆಗಾರರ ಮನೆಗೆ ಹೋಯಿತು. ಕಾಯುವವರ ಯಾದಿಯಲ್ಲಿದ್ದವರು ಅವರೊಬ್ಬರೇ. ಅತ್ತೆ ಕಾಕಾರೊಡನೆ ಮಾತು ಬಿಟ್ಟರು.

ಕಾಕಾ ಮಾತ್ರ ತಮ್ಮ ಪಾತಿಯ ಬದನೆಕಾಯಿ ತಂದು ನಮ್ಮ ಹೊಸ್ತಿಲ ಮೇಲೆ ಇಡುತ್ತಿದ್ದರು. “ಇನ್ನೊಬ್ಬರಿಗೆ ಕೊಡೂ ಹಂಗಿಲ್ಲಲ್ಲ ಕಾಕಾ?” ಎಂದು ನಾನೊಮ್ಮೆ ಅಂದೆ. “ಪಾತಿ ಕೊಡೂ ಹಂಗಿಲ್ಲ. ಬದನಿಕಾಯಿಗೆ ನಾ ಇನ್ನೂ ನಿಯಮಾ ಬರದಿಲ್ಲವಾ.” ಅತ್ತೆ ಅವನ್ನು ಎಣ್ಣೆಗಾಯಿ ಮಾಡುತ್ತಿದ್ದರು, ತಂದವರನ್ನು ಒಳಗೆ ಕರೆಯುತ್ತಿರಲಿಲ್ಲ.

ಮೂರನೇ ಶ್ರಾವಣದ ಒಂದು ಸೋಮವಾರ ಕಾಕಾ ಒದ್ದೆ ವಸ್ತ್ರದಲ್ಲಿ ಸುತ್ತಿದ ಪತ್ರಿ ತಂದರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು. ಮೂಗು ಒರೆಸಿಕೊಂಡು, “ಕುಂಡರು ಬಾಳಪ್ಪ, ಇಕಿ ಚಾ ಮಾಡತಾಳ,” ಎಂದರು. ಕಾಕಾ ನಮ್ಮ ಮನೆಯಲ್ಲಿ ಕುಳಿತದ್ದು ಅದೇ ಕೊನೆ. ಆ ಚಳಿಗಾಲ ಜ್ವರ ಬಂದು ಮಮದಾಪುರಕ್ಕೆ ಹೋದವರು ತಿರುಗಿ ಬರಲಿಲ್ಲ.

ತಿಂಗಳ ಮೇಲೆ ಹೊಸ ಕಾರಕೂನರು ದಫ್ತರ ಹಿಡಿದು ಬಾಗಿಲಿಗೆ ಬಂದರು. “ಬಾಳಪ್ಪನವರ ಪಾತಿ ಖಾಲಿ ಆಗೇತ್ರಿ ಬಾಯಾರ. ಯಾದಿಯೊಳಗ ಮದಲನೇ ಹೆಸರು ನಿಮ್ಮ ಮನೀದ.”

“ನಾವು ಹೆಸರು ಹಚ್ಚೇ ಇಲ್ರೀ,” ಎಂದೆ.

ಅವರು ಪುಟ ತೆರೆದು ತೋರಿಸಿದರು. ಯಾದಿಯಲ್ಲಿ ಬಳೆಗಾರರ ಕೆಳಗೆ ನಮ್ಮ ಮನೆಯ ಹೆಸರು, ಕಾಕಾನ ಅಕ್ಷರ. ಮೆಂಬರರು ಬಂದ ದಿನದ್ದೇ ತಾರೀಕು. ಪಕ್ಕದಲ್ಲಿ ಒಣಗಿದ ಮಣ್ಣಿನ ಹೆಬ್ಬೆಟ್ಟಿನ ಗುರುತು.

ಮರುದಿನ ಅತ್ತೆಯೂ ನಾನೂ ತೋಟಕ್ಕೆ ಹೋದೆವು. ಕಾಕಾನ ಬದನೆಗಿಡಗಳು ಬಾಡಿದ್ದವು. ಬದುವಿನ ಈ ತುದಿಯಿಂದ ಹೆಜ್ಜೆ ಹಾಕತೊಡಗಿದೆ. “ಈ ಸರ್ತಿ ಏನ ಹಚ್ಚೂನು?” ಅತ್ತೆ ಹಿಂದಿನಿಂದ ಕೇಳಿದರು. ನಾನು ಬೆರಳೆತ್ತಿದೆ. ಊರಿದ ಕಾಲನ್ನು ಊರಿದಲ್ಲೇ ಇಟ್ಟುಕೊಂಡು, “ಬದನಿ, ಅತ್ತಿ,” ಎಂದೆ.