ನಾಡಿ ಹಿಡಿದು ಬಿಟ್ಟ ಗುಳ್ಳೆ

ಗುಳ್ಳೆಯಪ್ಪ ಎಂಬ ಹೆಸರನ್ನು ಅವರಿಗೆ ಕಟ್ಟಿದವರು ಹಲ್ಲಿನ ಡಾಕ್ಟರ ಹತ್ತಿರ ಬರುತ್ತಿದ್ದ ಮಕ್ಕಳು. ಅದಕ್ಕೂ ಮುಂಚೆ ಅವರು ಬರೀ ಗೀಸರ್ ರಿಪೇರಿಯವರು. ಊರಿನ ಅರ್ಧ ಬಚ್ಚಲುಮನೆಗಳ ಗೋಡೆಯೊಳಗೆ ಪೈಪು ಎಲ್ಲಿ ತಿರುಗುತ್ತದೆ, ಎಲ್ಲಿ ಮುನಿಸಿಕೊಳ್ಳುತ್ತದೆ ಎನ್ನುವುದು ಅವರಿಗೆ ಬಾಯಿಪಾಠವಾಗಿತ್ತು.

ಒಂದು ಸಲ ಗೀಸರ್ ನೋಡಲು ಹೋದ ಮನೆಯ ಹಜಾರದಲ್ಲಿ ಗಿಡ ಬೆಳೆಸಿದ ಮೀನಿನ ತೊಟ್ಟಿ ಕಂಡಿತು. ಗಾಜಿನೊಳಗೆ ಪುಟ್ಟ ಹುಲ್ಲುಗಾವಲು, ಪಾಚಿ ಹೊದ್ದ ಮರದ ಬೇರು, ಅದರ ನಡುವೆ ನುಸುಳಾಡುವ ಮೀನು. ಇಷ್ಟು ಚೆಂದದ ಮೂಲೆಯಲ್ಲಿ ನೀರು ಕಾಯಿಸುವ ಕಡ್ಡಿಯೊಂದು ಕಪ್ಪಗೆ ನಿಂತಿತ್ತು, ಮದುವೆ ಫೋಟೋದ ನಡುವೆ ಯಾರೋ ಕೊಡೆ ಹಿಡಿದು ನಿಂತ ಹಾಗೆ.

"ಇದನ್ನ ಹೊರಗಿಡಬಹುದಲ್ಲ?" ಎಂದರು.

"ಹೊರಗಿಟ್ರೆ ನೀರು ಬಿಸಿಯಾಗೋದು ಹೇಗೆ?" ಎಂದು ಮನೆಯವರು ನಕ್ಕರು.

"ಗೀಸರ್ ಏನು ನಿಮ್ಮ ಬಕೆಟ್ಟಿನೊಳಗೆ ಕೂತಿರುತ್ತಾ?"

ಹಾಗೆ ಶುರುವಾಯಿತು. ಫಿಲ್ಟರಿನಿಂದ ತೊಟ್ಟಿಗೆ ವಾಪಸಾಗುವ ಪೈಪನ್ನು ನಡುವೆ ಕತ್ತರಿಸಿ ಅಲ್ಲಿಗೆ ಹೀಟರ್ ಸೇರಿಸುವುದು. ಒಳಗೆ ಗಾಳಿ ನಿಲ್ಲದಂತೆ ಅದನ್ನು ನೆಟ್ಟಗೆ ನಿಲ್ಲಿಸಿ, ನೀರು ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಡುವಂತೆ ಮಾಡುವುದು. ನೀರು ಹರಿಯುವ ತನಕ ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡದಿರುವುದು. ಆಮೇಲೆ ಗಿಡಗಳಿಗೆ ಊಟ ಬೇಕಲ್ಲ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕಾರ್ಬನ್ ಡೈಆಕ್ಸೈಡಿನ ಸಿಲಿಂಡರ್, ಅದರ ಕತ್ತಿಗೆ ಒತ್ತಡ ಇಳಿಸುವ ಯಂತ್ರ, ಅದಕ್ಕೊಂದು ಸೂಕ್ಷ್ಮ ವಾಲ್ವ್, ಅಲ್ಲಿಂದ ಒಂದು ಗಾಜಿನ ಸೀಸೆ. ಸೀಸೆಯ ನೀರಿನಲ್ಲಿ ಗ್ಯಾಸು ಒಂದೊಂದೇ ಗುಳ್ಳೆಯಾಗಿ ಎದ್ದು ತೊಟ್ಟಿಗೆ ಸೇರುತ್ತದೆ. ಗುಳ್ಳೆ ಕಡಿಮೆಯಾದರೆ ಗಿಡ ಸೊರಗುತ್ತದೆ, ಹೆಚ್ಚಾದರೆ ಮೀನಿಗೆ ಉಸಿರು ಕಟ್ಟುತ್ತದೆ.

ಅದನ್ನು ಹದಕ್ಕೆ ತರುವಾಗ ಅವರದೊಂದು ಕ್ರಮವಿತ್ತು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಎಡಗೈಯ ಎರಡು ಬೆರಳನ್ನು ಕತ್ತಿನ ಪಕ್ಕಕ್ಕೆ ಒತ್ತಿ, ಬಲಗೈಯಲ್ಲಿ ವಾಲ್ವ್ ತಿರುಗಿಸುತ್ತಿದ್ದರು. ನಾಡಿಯ ಒಂದು ಬಡಿತಕ್ಕೆ ಒಂದು ಗುಳ್ಳೆ. ಅಲ್ಲಿಂದ ಮುಂದೆ ತೊಟ್ಟಿಯ ಗಾತ್ರ ನೋಡಿಕೊಂಡು ಕೂದಲೆಳೆಯಷ್ಟು ಹೆಚ್ಚುಕಮ್ಮಿ.

"ವಾಚ್ ಇಟ್ಕೊಳ್ಳಬಾರದಾ?" ಎಂದು ಕೇಳಿದವರಿಗೆ, "ವಾಚ್ ನೋಡಿದ್ರೆ ಗುಳ್ಳೆ ತಪ್ಪುತ್ತೆ, ಗುಳ್ಳೆ ನೋಡಿದ್ರೆ ವಾಚ್ ತಪ್ಪುತ್ತೆ. ಇದಾದ್ರೆ ಒಳಗೇ ಹೊಡೀತಿರುತ್ತೆ, ನೋಡೋದೇ ಬೇಡ" ಎನ್ನುತ್ತಿದ್ದರು. ನೀರಿನ ಬಿಸಿಗೂ ಅಷ್ಟೇ, ಗಾಜಿಗೆ ಅಂಟಿಸಿದ ಅಂಕಿಪಟ್ಟಿಯನ್ನು ನಂಬುತ್ತಿರಲಿಲ್ಲ. ಕೂಸಿನ ಸ್ನಾನದ ನೀರು ನೋಡುವ ಹಾಗೆ ಮಣಿಕಟ್ಟು ಅದ್ದಿ ನೋಡುತ್ತಿದ್ದರು.

ಗಿಡಗಳ ಕೆಲಸ ಹೆಂಡತಿಯದು. ಆಕೆ ಬಟ್ಟೆ ಹೊಲಿಯುವವಳು. ಗಂಡನ ದಪ್ಪ ಬೆರಳುಗಳಿಗೆ ಸಿಕ್ಕಿ ಗಿಡಗಳು ಬುಡಸಮೇತ ಬರುವುದನ್ನು ನೋಡಲಾರದೆ ಒಂದು ದಿನ ತನ್ನ ಉದ್ದ ಕತ್ತರಿ ಹಿಡಿದು ಜೊತೆಗೆ ಹೊರಟಿದ್ದಳು, ಮತ್ತೆ ಬಿಡಲಿಲ್ಲ. ಆತ ಕೆಳಗೆ ಕೂತು ಗುಳ್ಳೆ ಬಿಡುವಾಗ ಈಕೆ ಮೇಲೆ ಕೈಯನ್ನು ಮೊಣಕೈತನಕ ನೀರಿಗಿಳಿಸಿ ಅತಿಯಾಗಿ ಬೆಳೆದ ಗಿಡ ಕತ್ತರಿಸುತ್ತಿದ್ದಳು. ಯಾರೂ ಹೇಳಿಕೊಡದೆ ಕತ್ತರಿಯೂ ಗುಳ್ಳೆಯೂ ಒಂದೇ ತಾಳಕ್ಕೆ ಬರುತ್ತಿದ್ದವು. ಎಷ್ಟೋ ವರ್ಷ ಹಾಗೆ ನಡೆಯಿತು. ಗ್ಯಾಸಿನಿಂದ ಅವರ ಕೈಕೆಳಗೆ ಒಂದು ಮೀನೂ ಸತ್ತಿರಲಿಲ್ಲ. ಅದು ಅವರ ಹೆಮ್ಮೆ. ಬಾಯಿಬಿಟ್ಟು ಹೇಳದಿದ್ದರೂ ನಡಿಗೆಯಲ್ಲಿ ಗೊತ್ತಾಗುತ್ತಿತ್ತು.

ಹಲ್ಲಿನ ಡಾಕ್ಟರಮ್ಮ ಕ್ಲಿನಿಕ್ಕನ್ನು ದೊಡ್ಡ ಕೋಣೆಗೆ ಬದಲಾಯಿಸಿದಾಗ ತೊಟ್ಟಿಯೂ ದೊಡ್ಡದಾಯಿತು. ಅಳುತ್ತ ಬರುವ ಮಕ್ಕಳನ್ನು ಆಕೆ ಮೊದಲು ಅದರ ಮುಂದೆ ಕೂರಿಸುತ್ತಿದ್ದರು. ಕೆಂಪು ನೀಲಿ ಗೆರೆಯ ಮೀನುಗಳ ಗುಂಪು ಒಟ್ಟಿಗೆ ತಿರುಗುವುದನ್ನು ನೋಡುತ್ತ ಮಕ್ಕಳು ತಮ್ಮ ನೋವನ್ನು ಮರೆಯುತ್ತಿದ್ದರು. ಗುಳ್ಳೆಯಪ್ಪ ಹೊಸ ಹೀಟರ್, ಹೊಸ ಸಿಲಿಂಡರ್ ಕೂರಿಸಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿ, ಕತ್ತಿಗೆ ಬೆರಳಿಟ್ಟು ಗುಳ್ಳೆ ಬಿಟ್ಟು ಬಂದರು.

ಮಾರನೆಯ ದಿನ ಡಾಕ್ಟರಮ್ಮನ ಫೋನು.

"ಗುಳ್ಳೆಯಪ್ಪನವರೇ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇವೆ. ಇಲ್ಲಿ ಬಾಯಿ ಬಿಡಿ ಅಂತ ನಾನು ಹೇಳೋದು ಪೇಷಂಟುಗಳಿಗೆ."

"ಒಳಗೆ ನೇತು ಹಾಕಿದ್ದೀನಲ್ಲ ಗಾಜಿನ ಬುರುಡೆ, ಅದರ ನೀರು ಯಾವ ಬಣ್ಣ ಇದೆ?"

"ಹಳದಿ. ನಿಂಬೆಹಣ್ಣಿನ ಹಾಗೆ."

ಹಸಿರಿರಬೇಕಿತ್ತು. ಹಳದಿಯೆಂದರೆ ನೀರಿನಲ್ಲಿ ಗ್ಯಾಸು ಮಿತಿಮೀರಿದೆ. "ಸಿಲಿಂಡರ್ ಬಂದ್ ಮಾಡಿ, ಫಿಲ್ಟರಿನ ಬಾಯಿ ಮೇಲೆತ್ತಿ ನೀರು ಕಲಕಿಸಿ, ಬಂದೆ" ಎಂದವರೇ ಓಡಿದರು. ವಾಲ್ವಿನ ಮೇಲೆ ಅನುಮಾನ ಬಂತು. ಬೇರೆಯದು ಹಾಕಿದರು. ಎರಡು ದಿನಕ್ಕೆ ಮತ್ತೆ ಅದೇ ಕಥೆ, ಈ ಸಲ ಒಂದು ಮೀನು ಹೋಗಿತ್ತು. ಡಾಕ್ಟರಮ್ಮ ಅದನ್ನು ಕಿಟಕಿಯ ಹೂಕುಂಡದಲ್ಲಿ ಮಣ್ಣು ಮಾಡಿದ್ದರು.

ಕೆನ್ನೆ ಊದಿಕೊಂಡ ಒಬ್ಬ ಪುಟ್ಟಿ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. "ಗುಳ್ಳೆಯಪ್ಪಾ, ನೀವು ಬಂದು ಹೋದ್ಮೇಲೇ ಇವಕ್ಕೆ ಹೀಗಾಗೋದಾ?"

ಮಗು ಚುಚ್ಚಿ ಹೇಳಿದ ಮಾತಲ್ಲ. ಅದಕ್ಕೇ ನೇರವಾಗಿ ತಾಗಿತು.

ಆ ದಿನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು: "ಇನ್ನೊಂದು ಮೀನು ಹೋದ್ರೆ ಈ ಕೆಲಸ ಮುಟ್ಟಲ್ಲ ನಾನು. ಕೈ ಕೆಟ್ಟುಹೋಗಿದೆ ಕಣೇ."

"ಕೈ ಕೆಟ್ಟಿಲ್ಲ, ತಲೆ ಕೆಟ್ಟಿದೆ. ಮೊದಲು ಊಟ ಮಾಡಿ."

"ಮಾಡ್ತಾನೇ ಇದ್ದೀನಲ್ಲ."

ನಿಜ, ಮಾಡುತ್ತಲೇ ಇದ್ದರು. ಈಚೆಗೆ ಎರಡು ಪಟ್ಟು ಉಣ್ಣುತ್ತಿದ್ದರು. ಆದರೂ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಆಕೆ ಆಗಲೇ ಎರಡು ಸಲ ಹೊಲಿಗೆ ಒಳಗೆ ತೆಗೆದುಕೊಂಡಿದ್ದಳು. "ಊಟ ನಾನು ಮಾಡ್ತೀನಿ, ಮೈ ನಿನಗೆ ಬರ್ತಿದೆ" ಎಂದು ಅವರು ಛೇಡಿಸಿದ್ದರು. ಚಳಿಯಲ್ಲೂ ಫ್ಯಾನು ಬೇಕೆಂದು ಜಗಳವಾಡುತ್ತಿದ್ದರು. ಸಣ್ಣದಕ್ಕೆಲ್ಲ ಸಿಡುಕು. ವಯಸ್ಸಾಗುತ್ತ ಗಂಡಸರು ಹೀಗೇ ಎಂದುಕೊಂಡು ಆಕೆ ಸೂಜಿಗೆ ದಾರ ಪೋಣಿಸಿದ್ದಳು.

ಮೂರನೆಯ ಸಲ ಕ್ಲಿನಿಕ್ಕಿಗೆ ಇಬ್ಬರೂ ಹೋದರು. ಗುಳ್ಳೆಯಪ್ಪ ಹೀಟರನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು. ನೀರು ಹರಿಯತೊಡಗಿದ ಮೇಲೆ ಸ್ವಿಚ್ ಹಾಕಿ, ಸ್ವಲ್ಪ ಹೊತ್ತು ಕಾದು, ತೊಟ್ಟಿಗೆ ಮಣಿಕಟ್ಟು ಅದ್ದಿದರು.

"ಇನ್ನೂ ತಣ್ಣಗೇ ಇದೆ" ಎಂದು ಹೀಟರಿನ ತಿರುಪಿಗೆ ಕೈ ಹಾಕಿದರು.

ಆಕೆಯ ಕೈಯೂ ನೀರಿನಲ್ಲೇ ಇತ್ತು. "ಬೆಚ್ಚಗಿದೆಯಲ್ರೀ? ಇಷ್ಟಕ್ಕಿಂತ ಬಿಸಿಯಾದ್ರೆ ಅವು ಉಸಿರಾಡೋದು ಹೇಗೆ?"

"ನಿನ್ನ ಕೈಗೇನು ಗೊತ್ತು? ಸುಮ್ನೆ ಗಿಡ ಕತ್ತರಿಸು."

ಆಕೆ ಕತ್ತರಿ ಎತ್ತಿಕೊಂಡಳು. ಅವರು ಕೆಳಗೆ ಕೂತು ಕತ್ತಿಗೆ ಬೆರಳಿಟ್ಟು ವಾಲ್ವ್ ತಿರುಗಿಸಿದರು. ಗುಳ್ಳೆ ಏಳತೊಡಗಿತು. ಆಕೆ ಅಭ್ಯಾಸದಂತೆ ಕತ್ತರಿ ಆಡಿಸಿದಳು. ಹೊಂದಲಿಲ್ಲ. ಬೇಗ ಬೇಗ ಕತ್ತರಿಸಿದಳು, ಆಗಲೂ ಗುಳ್ಳೆ ಮುಂದೆ ಓಡಿತು. ಆಟದಲ್ಲಿ ಸೋತವಳ ಹಾಗೆ ಕತ್ತರಿ ನಿಲ್ಲಿಸಿ ಕೆಳಗೆ ನೋಡಿದಳು.

"ರೀ, ಯಾಕೆ ಇಷ್ಟು ಓಡಿಸ್ತಿದ್ದೀರಿ?"

"ಎಲ್ಲಿ ಓಡಿಸ್ತಿದ್ದೀನಿ? ಯಾವತ್ತಿನ ಹಾಗೇ ಬಡಿತಕ್ಕೊಂದು."

ಆಕೆ ಒದ್ದೆ ಕೈಯನ್ನು ಸೆರಗಿಗೂ ಒರೆಸದೆ ಅವರ ಪಕ್ಕ ಕೂತು, ಅವರ ಬೆರಳು ಸರಿಸಿ, ಆ ಜಾಗದಲ್ಲಿ ತನ್ನ ಬೆರಳಿಟ್ಟಳು. ಹಿಡಿಯೊಳಗೆ ಸಿಕ್ಕ ಗುಬ್ಬಿಯ ಎದೆಯ ಹಾಗೆ ಬಡಿಯುತ್ತಿತ್ತು. ಕತ್ತು ಬಿಸಿಯಾಗಿತ್ತು.

"ವಾಲ್ವ್ ಸರಿಯಾಗಿದೆ" ಎಂದಳು. "ಹೀಟರೂ ಸರಿಯಾಗಿದೆ. ಕೆಟ್ಟಿರೋದು ನೀವು."

"ಮೆಟ್ಟಿಲು ಹತ್ತಿ ಬಂದೆನಲ್ಲ, ಅದಕ್ಕೆ."

"ಇಲ್ಲಿ ಮೆಟ್ಟಿಲು ಎಲ್ಲಿದೆ?"

ಆಕೆಯ ದನಿ ಒಡೆದದ್ದು ಕೇಳಿ ಡಾಕ್ಟರಮ್ಮ ಒಳಗಿನಿಂದ ಬಂದರು. ಗುಳ್ಳೆಯಪ್ಪನ ನಾಡಿ ನೋಡಿದರು. ಕೈ ಮುಂದೆ ಚಾಚಿಸಿ ಬೆರಳುಗಳ ಮೇಲೆ ಒಂದು ತೆಳು ಕಾಗದ ಹಾಸಿದರು. ಕಾಗದ ಸಣ್ಣಗೆ ನಡುಗಿತು.

"ನಾನು ಹಲ್ಲಿನವಳು. ಆದರೂ ಇಷ್ಟು ಹೇಳ್ತೀನಿ, ಇವತ್ತೇ ಆಸ್ಪತ್ರೆಗೆ ಹೋಗಿ. ನಾನೇ ಫೋನ್ ಮಾಡಿ ಹೇಳಿರ್ತೀನಿ."

ಗುಳ್ಳೆಯಪ್ಪ ಏಳಲಿಲ್ಲ. ನಡುಗುವ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. ಅಷ್ಟು ವರ್ಷ ನಂಬಿದ ಅಳತೆಗೋಲು. "ಹಾಗಾದ್ರೆ ಆ ಮೀನನ್ನ ಕೊಂದಿದ್ದು ನಾನೇ" ಎಂದರು.

"ಅದು ಹೋಗದೇ ಇದ್ದಿದ್ರೆ ನಿಮ್ಮ ಎದೆ ಹೀಗೆ ಓಡ್ತಿದೆ ಅಂತ ನನಗೆ ಯಾರು ಹೇಳ್ತಿದ್ರು? ಏಳಿ ಈಗ" ಎಂದಳು ಹೆಂಡತಿ.

"ಇದನ್ನ ಹೀಗೇ ಬಿಟ್ಟು ಹೇಗೆ ಬರಲಿ?"

"ನಾನು ಸರಿ ಮಾಡ್ತೀನಿ. ನೀವು ಕೈ ಹಚ್ಚಬೇಡಿ."

ಆಕೆ ಹೀಟರನ್ನು ತಗ್ಗಿಸಿದಳು. ಕತ್ತರಿಯನ್ನು ಗಾಳಿಯಲ್ಲೇ ಆಡಿಸುತ್ತ, ಎಂದಿನ ತಾಳಕ್ಕೆ ಬರುವ ತನಕ ವಾಲ್ವನ್ನು ಬಿಗಿ ಮಾಡಿದಳು. ಆಮೇಲೆ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು.

ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ, ಅದಕ್ಕೇ ಮೈ ಕಾದು ಬೆಚ್ಚಗಿನ ನೀರೂ ತಣ್ಣಗೆನಿಸುತ್ತಿದೆ, ಮೈ ಕರಗುತ್ತಿದೆ, ಎದೆ ಓಡುತ್ತಿದೆ ಎಂದರು ಆಸ್ಪತ್ರೆಯವರು. ಇನ್ನೂ ತಡ ಮಾಡಿದ್ದರೆ ಎದೆಗೇ ಕಷ್ಟವಿತ್ತು, ಈಗ ಮಾತ್ರೆಗೆ ಬಗ್ಗುತ್ತದೆ ಎಂದರು. ಗುಳ್ಳೆಯಪ್ಪ ಕೆಲವು ತಿಂಗಳು ಮನೆಯಲ್ಲಿ ಕೂತರು. ಆಕೆ ಒಬ್ಬಳೇ ಮನೆಮನೆಗೆ ಹೋಗಿ ಬಂದು, ಯಾವ ತೊಟ್ಟಿ ಹೇಗಿದೆ ಎಂದು ವರದಿ ಒಪ್ಪಿಸುತ್ತಿದ್ದಳು. ಹೊಲಿಗೆ ಯಂತ್ರದ ಪಕ್ಕ ಕೂತು ಅವರು ಕೇಳುತ್ತಿದ್ದರು. ಪ್ಯಾಂಟಿನ ಹೊಲಿಗೆಗಳನ್ನು ಆಕೆ ಒಂದೊಂದಾಗಿ ಬಿಚ್ಚಿದಳು.

ಮತ್ತೆ ಕ್ಲಿನಿಕ್ಕಿಗೆ ಹೋದ ದಿನ ಡಾಕ್ಟರಮ್ಮ ಒಂದು ವಾಚು ಕೊಟ್ಟರು. ದೊಡ್ಡ ಅಂಕಿ, ಕೆಂಪು ಸೆಕೆಂಡಿನ ಮುಳ್ಳು.

"ನನ್ನ ಮೀನುಗಳ ಪರವಾಗಿ" ಎಂದರು.

ಗುಳ್ಳೆಯಪ್ಪ ವಿನಯದಿಂದ ಕಟ್ಟಿಕೊಂಡರು. ತೊಟ್ಟಿಗೆ ಅಂಟಿಸಿದ ಅಂಕಿಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು, ಎರಡು ಸಲ. ಆಮೇಲೆ ಸಿಲಿಂಡರಿನ ಮುಂದೆ ಕೂತರು. ಎಡಗೈ ಕತ್ತಿನತ್ತ ಎದ್ದು ಅರ್ಧದಲ್ಲೇ ನಿಂತಿತು. ಮಾತ್ರೆಯ ದೆಸೆಯಿಂದ ಈಗ ನಾಡಿ ನಿಧಾನ. ಅದನ್ನು ನಂಬಿದರೆ ಗಿಡಗಳಿಗೆ ಉಪವಾಸ.

"ಬಾ ಇಲ್ಲಿ" ಎಂದು ಹೆಂಡತಿಯನ್ನು ಕರೆದರು. "ಕೈ ಕೊಡು."

ಆಕೆ ಪಕ್ಕದಲ್ಲಿ ಕೂತು ಕೈ ಕೊಟ್ಟಳು. ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಅವರು ವಾಲ್ವ್ ತಿರುಗಿಸಿದರು. ಕೆನ್ನೆಯ ಊತ ಇಳಿದ ಪುಟ್ಟಿ ಹೊಸ ಹಲ್ಲು ತೋರಿಸುತ್ತ ಬಂದು ನಿಂತಳು.

"ಅಜ್ಜಿ ಕೈ ಯಾಕೆ ಹಿಡ್ಕೊಂಡಿದ್ದೀರಾ?"

"ನನ್ನದು ರಿಪೇರಿಗೆ ಹೋಗಿದೆ. ಇದು ಕಡ ತಂದಿದ್ದು."

"ವಾಚ್ ಇದೆಯಲ್ಲ?"

"ಅದು ಟೈಮ್ ನೋಡೋಕೆ."

ಪುಟ್ಟಿ ನಕ್ಕು ಮೀನುಗಳ ಕಡೆ ತಿರುಗಿದಳು. ಗುಂಪು ಆಳದಲ್ಲಿ, ಗಿಡಗಳ ನಡುವೆ ಒಟ್ಟಿಗೆ ಹೊರಳಿತು. ಒಂದೂ ಮೇಲೆ ಬರಲಿಲ್ಲ.

"ಆಯ್ತಾ?" ಎಂದಳು ಆಕೆ. "ಗಿಡ ಕತ್ತರಿಸಬೇಕು, ಬಿಡಿ."

"ಇರು ಇರು, ಇನ್ನೂ ಸ್ವಲ್ಪ ಇದೆ."

ವಾಲ್ವ್ ಆಗಲೇ ಸರಿಹೋಗಿತ್ತು. ಆಕೆಗೂ ಅದು ಗೊತ್ತಿತ್ತು, ಕೈ ಎಳೆದುಕೊಳ್ಳಲಿಲ್ಲ.