ನನ್ನ ಅಂಕಣದ ಅಡಿಯಲ್ಲಿದ್ದ ಹಾಡುಗಳು

ಕಂಪ್ಯೂಟರಿನ ಬಗ್ಗೆ ಬರೆಯುವವನಿಗೆ ಕಂಪ್ಯೂಟರ್ ರಿಪೇರಿಯೂ ಬರುತ್ತದೆ ಎಂದು ಜನಕ್ಕೆ ಯಾರು ಹೇಳಿಕೊಟ್ಟರೋ ನಾ ಕಾಣೆ. ಸಿನಿಮಾ ವಿಮರ್ಶೆ ಬರೆಯುವವನನ್ನು ಯಾರೂ ಪ್ರೊಜೆಕ್ಟರ್ ಕೆಟ್ಟಿದೆ ಬಾ ಎಂದು ಕರೆಯುವುದಿಲ್ಲ. ನನ್ನನ್ನು ಮಾತ್ರ ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗಲೂ ಹಿಡಿದು ನಿಲ್ಲಿಸಿ, "ಸಾರ್, ನಮ್ಮ ಪ್ರಿಂಟರ್ ಪೇಪರ್ ಎಳ್ಕೊಳ್ತಿಲ್ಲ, ಬಂದು ನೋಡ್ತೀರಾ?" ಎನ್ನುತ್ತಿದ್ದರು. "ನಾನು ಬರೆಯೋನು ಕಣ್ರೀ, ರಿಪೇರಿಯವನಲ್ಲ" ಎಂದರೆ, "ಅದೇ ಸಾರ್, ಬರೀತೀರಲ್ಲ" ಎಂಬ ಉತ್ತರ. ಇಂಥವರಿಗೆ ಏನು ಹೇಳುವುದು?

ಅಸಲಿಗೆ ನನಗೆ ಬರೆಯುವ ಯೋಗ್ಯತೆಯೂ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಚಾಮರಾಜಪೇಟೆಯ ಒಂದು ಪತ್ರಿಕೆಯಲ್ಲಿ ಕರಡು ತಿದ್ದಿಕೊಂಡಿದ್ದೆ. ಸಂಪಾದಕರಿಗೆ ವಾರಕ್ಕೊಂದು ಕಂಪ್ಯೂಟರ್ ಅಂಕಣ ಬೇಕೆನಿಸಿತು. ಹಿರಿಯರೆಲ್ಲ ಕೈ ಕೊಡವಿದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಅದು ನನ್ನ ತಲೆಗೆ ಬಂತು. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಮಲ್ಲೇಶ್ವರದ ಒಂದು ಸೈಬರ್ ಕೆಫೆಯಲ್ಲಿ ಗಂಟೆ ಹೊತ್ತು ಕೂತು, ನೋಡಿದ್ದನ್ನೆಲ್ಲ ಚೀಟಿಯಲ್ಲಿ ಗುರುತು ಹಾಕಿಕೊಂಡು ಬಂದು, ಕಚೇರಿಯಲ್ಲಿ ಯಾವುದಾದರೂ ಕಂಪ್ಯೂಟರ್ ಖಾಲಿಯಾದಾಗ ಟೈಪ್ ಮಾಡುತ್ತಿದ್ದೆ.

ಆದರೆ ಧಾಟಿ ನೋಡಬೇಕಿತ್ತು ನನ್ನದು. ಕಾಗದದ ಕಾಲ ಮುಗಿಯಿತು ಎಂದು ಬರೆದೆ. ಕಾಗದಕ್ಕೆ ಗೆದ್ದಲಿದೆ, ಬೆಂಕಿಯಿದೆ, ಮಳೆಯಿದೆ. ನಿಮ್ಮ ಮನೆಯ ಹಳೆಯ ಪತ್ರ, ದಿನಚರಿ, ಅಡುಗೆ ಪುಸ್ತಕ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ನಿಶ್ಚಿಂತರಾಗಿ ಎಂದು ಉಪದೇಶ ಮಾಡಿದೆ. ಅದನ್ನೆಲ್ಲ ತುಂಬಿಡುವ ಫ್ಲಾಪಿ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ ಎಂಬುದು ಆಗ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವ ಚಟ ನನ್ನದು, ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಏಳೆಂಟು ವರ್ಷಗಳಾದ ಮೇಲೆ ಒಬ್ಬ ಪ್ರಕಾಶಕರು ಅಂಕಣಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡೋಣ ಎಂದರು. ಖುಷಿಯಿಂದ ಕಚೇರಿಗೆ ಓಡಿ ಹಳೆಯ ಕಡತ ತೆರೆದರೆ, ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ. ಒಂದು ಕನ್ನಡ ಅಕ್ಷರವಿಲ್ಲ. ಮಧ್ಯೆ ಪತ್ರಿಕೆ ಸಾಫ್ಟ್‌ವೇರ್ ಬದಲಿಸಿತ್ತು, ಅಕ್ಷರಗಳನ್ನು ಕನ್ನಡದಲ್ಲಿ ತೋರಿಸುತ್ತಿದ್ದ ಹಳೆಯ ಫಾಂಟ್ ಯಾರ ಬಳಿಯೂ ಉಳಿದಿರಲಿಲ್ಲ. ಹಳೆಯ ಸಂಚಿಕೆಗಳ ಕಟ್ಟುಗಳು ಗೋದಾಮಿನಲ್ಲಿ ನೆನೆದು ಮುದ್ದೆಯಾಗಿದ್ದವು. ಮನೆಗೆ ಬಂದು ಹೆಂಡತಿಯನ್ನು ಕೇಳಿದೆ.

"ನೀವೇ ಅಲ್ವಾ ಪೇಪರ್ ಗುಡ್ಡೆ ಹಾಕ್ಬೇಡ, ರದ್ದಿಯವನಿಗೆ ಕೊಟ್ಬಿಡು ಅಂದಿದ್ದು? ತಿಂಗಳಾ ತಿಂಗಳಾ ಕೊಟ್ಟಿದೀನಿ" ಎಂದಳು.

ಮೈ ಪರಚಿಕೊಳ್ಳುವ ಹಾಗಾಯಿತು. ಊರಿಗೆಲ್ಲ ಬುದ್ಧಿ ಹೇಳಿದವನ ಬಳಿ ತಾನು ಬರೆದ ಒಂದು ಸಾಲೂ ಇರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, ಅಂಕಣಗಳನ್ನು ಯಾರಾದರೂ ಕತ್ತರಿಸಿಟ್ಟಿದ್ದರೆ ತಿಳಿಸಿ ಎಂದು ಪತ್ರಿಕೆಯಲ್ಲೇ ನಾಲ್ಕು ಸಾಲು ಹಾಕಿಸಿದೆ. ಬಸವನಗುಡಿಯಿಂದ ಒಬ್ಬರು ಫೋನ್ ಮಾಡಿದರು. ನಿವೃತ್ತ ಶಾಲಾ ಶಿಕ್ಷಕಿ. "ಒಂದೂ ಬಿಟ್ಟಿಲ್ಲ ಸಾರ್, ಎಲ್ಲಾ ಅಂಟ್ಸಿಟ್ಟಿದೀನಿ. ಬನ್ನಿ. ನಂದೂ ಒಂದು ಕೆಲಸ ಇದೆ ನಿಮ್ಮತ್ರ" ಎಂದರು. ಪ್ರಿಂಟರ್ ಇರಬೇಕು ಎಂದುಕೊಂಡು ಹಲ್ಲು ಕಚ್ಚಿಕೊಂಡೇ ಹೋದೆ.

ಕಾಫಿ ಕೊಟ್ಟು, ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕವೊಂದನ್ನು ಮುಂದಿಟ್ಟರು. ತೆರೆದರೆ ಪ್ರತಿ ಪುಟದಲ್ಲೂ ನನ್ನ ಅಂಕಣ, ಮೈದಾ ಅಂಟಿನಲ್ಲಿ ಸುಕ್ಕಿಲ್ಲದಂತೆ ಕೂರಿಸಿದ್ದರು. ಕಣ್ಣು ತುಂಬಿ ಬಂತು. ನನ್ನನ್ನು ಇಷ್ಟು ಜೋಪಾನ ಮಾಡಿದ ಜೀವವೊಂದು ಇದೆಯಲ್ಲ ಎನಿಸಿತು.

ಆಮೇಲೆ ಕಂಡದ್ದು, ಅಂಕಣದ ಆಚೆ ಅಂಚಿನಲ್ಲಿ ನೀಲಿ ಶಾಯಿಯ ದುಂಡು ಅಕ್ಷರಗಳು. ಸಾಲುಗಳ ಕೊನೆ ಮಾತ್ರ ಕಾಣುತ್ತಿತ್ತು, ಉಳಿದದ್ದು ನನ್ನ ಬರಹದ ಕೆಳಗೆ.

"ಇದೇನಮ್ಮ?" ಎಂದೆ.

"ನಮ್ಮಮ್ಮನ ಹಾಡಿನ ಪುಸ್ತಕ. ಹಸೆಗೆ ಕರೆಯೋದು, ಆರತಿ, ಬೀಗರನ್ನ ಹಂಗಿಸೋದು, ಎಲ್ಲಾ ಇತ್ತು. ನೀವು ಬರೆದಿದ್ರಲ್ಲ, ಕಂಪ್ಯೂಟರಿಗೆ ಏರಿಸಿ ಅಂತ. ಕ್ಲಾಸಿಗೆ ಸೇರಿ ನಾನೇ ಟೈಪ್ ಮಾಡ್ದೆ, ಒಂದು ವರ್ಷ ಆಯ್ತು ಮುಗ್ಸೋಕೆ. ಹಾಡು ಭದ್ರ ಆಯ್ತಲ್ಲ, ಒಳ್ಳೆ ಗಟ್ಟಿ ಪುಸ್ತಕ, ಸುಮ್ನೆ ಯಾಕೆ ಎಸೀಬೇಕು ಅಂತ, ಕತ್ರಿಸಿ ಕೂಡಿಟ್ಟಿದ್ದ ನಿಮ್ಮದನ್ನೆಲ್ಲ ಅಂಟ್ಸಿದೆ."

ಅಯ್ಯೋ ದೇವರೇ ಎಂದುಕೊಂಡೆ. ಒಂದು ಹಾಳೆಯನ್ನೂ ದಂಡ ಮಾಡದ ಮೇಷ್ಟ್ರ ಬುದ್ಧಿ. ಹೊಸ ನೋಟ್‌ಬುಕ್ಕೊಂದನ್ನು ಕೊಂಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟೇ ಬಂತು. ಸಿಟ್ಟು ಯಾರ ಮೇಲೆ ಬರಬೇಕಿತ್ತೋ ಅವನು ಅವರ ಮನೆಯ ಕಾಫಿ ಕುಡಿಯುತ್ತ ಕೂತಿದ್ದ.

ಅವರ ಕೆಲಸ ಏನೆಂದರೆ, ಇನ್ನು ಮೂರು ತಿಂಗಳಿಗೆ ಮೊಮ್ಮಗಳ ಮದುವೆ. ನಾಲ್ಕು ಫ್ಲಾಪಿ ಕೈಗಿಟ್ಟು, "ಇದರಿಂದ ಹಾಡೆಲ್ಲ ತೆಗೆದು ಪ್ರಿಂಟ್ ಹಾಕ್ಸಿಕೊಡಿ ಸಾರ್. ಮೊದಲ ನುಡಿ ಬಾಯಿಗೆ ಬರುತ್ತೆ, ಮುಂದಕ್ಕೆ ಪುಸ್ತಕ ನೋಡ್ಕೊಂಡೇ ಹೇಳಿ ಅಭ್ಯಾಸ" ಎಂದರು.

ಎರಡು ವಾರ ಅಲೆದೆ. ಫ್ಲಾಪಿ ಹಾಕುವ ಕಂಪ್ಯೂಟರ್ ಹುಡುಕುವುದೇ ಒಂದು ಪಾಡಾಯಿತು. ಮೂರಕ್ಕೆ ಬೂಷ್ಟು ಹಿಡಿದಿತ್ತು. ನಾಲ್ಕನೆಯದು ತೆರೆಯಿತು, ಅದೇ ಅಲ್ಪವಿರಾಮ, ಅದೇ ಚುಕ್ಕೆ, ಅದೇ ಪ್ರಶ್ನಾರ್ಥಕ ಚಿಹ್ನೆ. ಅವರು ಕಲಿತ ಕ್ಲಾಸು ಎಂದೋ ಮುಚ್ಚಿತ್ತು, ಅವರ ಫಾಂಟೂ ಅದರ ಜೊತೆಗೇ ಹೋಗಿತ್ತು.

ವಾಪಸ್ಸು ಹೋಗಿ ಹೇಳಿದೆ. ಅವರು ಫ್ಲಾಪಿಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿಟ್ಟರು. ನಾನೇ, "ಅಂಟು ಬಿಡಿಸಿ ನೋಡೋಣಮ್ಮ" ಎಂದೆ. ಅಡುಗೆಮನೆಯಲ್ಲಿ ನೀರು ಕುದಿಸಿ, ಮೊದಲ ಪುಟವನ್ನು ಹಬೆಗೆ ಹಿಡಿದೆವು. ಅಂಕಣ ಮೆಲ್ಲಗೆ ಏಳತೊಡಗಿತು. ಅದರ ಜೊತೆಗೆ ಶಾಯಿಯೂ ಎದ್ದಿತು. ಕೆಳಗಿದ್ದ ಹಾಡು ನೀಲಿ ಕಲೆಯಾಗಿ ಹರಡಿಕೊಂಡಿತ್ತು, ಒಂದು ಪದ ಓದುವಂತಿರಲಿಲ್ಲ. ಇನ್ನೊಂದು ಪುಟ ನೋಡೋಣ ಎಂದು ಕೈ ಹಾಕಿದೆ. ಅವರು ನನ್ನ ಕೈ ಹಿಡಿದರು.

"ಸಾಕು ಬಿಡಿ ಸಾರ್. ನಿಮ್ಮದಾದ್ರೂ ಉಳೀಲಿ. ಸುಮ್ನೆ ಅದೂ ಹರಿದೋಗುತ್ತೆ."

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಪುಸ್ತಕವನ್ನು ಬಟ್ಟೆಯ ಚೀಲದಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು. ಜೆರಾಕ್ಸ್ ಮಾಡಿಸಿ ಪ್ರಕಾಶಕರಿಗೆ ತಲುಪಿಸಿದೆ. ನನ್ನ ಪುಸ್ತಕ ಅಚ್ಚಾಯಿತು. ಕಾಗದದ ಕಾಲ ಮುಗಿಯಿತು ಎಂಬ ಅಂಕಣವನ್ನು ಬಿಡಿ ಎಂದು ಕೇಳಿಕೊಂಡೆ. ಪ್ರಕಾಶಕರು, ಅದೇ ಚೆನ್ನಾಗಿರೋದು ಎಂದು ಅದನ್ನೇ ಮೊದಲಿಗೆ ಹಾಕಿದರು.

ಮದುವೆಗೆ ಕರೆದಿದ್ದರು. ಹೋಗದಿರಲು ಮನಸ್ಸಾಗಲಿಲ್ಲ, ಹೋಗಲೂ ಧೈರ್ಯವಿರಲಿಲ್ಲ. ಛತ್ರದಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಹುಡುಗಿಯನ್ನು ಹಸೆಗೆ ಕರೆಯುವ ಹೊತ್ತಿಗೆ ಓಲಗದವರನ್ನು ನಿಲ್ಲಿಸಿ, ಅಜ್ಜಿ ಹಾಡಲು ಶುರುಮಾಡಿದರು. ಕಂಠ ಈ ವಯಸ್ಸಿನಲ್ಲೂ ಗಟ್ಟಿಯಾಗಿತ್ತು. ಮೊದಲ ನುಡಿ ಪೂರ್ತಿ ಬಂತು. ಎರಡನೆಯದರ ಅರ್ಧಕ್ಕೆ ನಿಂತರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೆಂಗಸರೆಲ್ಲ ಕಾದರು.

"ಮುಂದಕ್ಕೆ ಹೇಳಿ ಅಮ್ಮ" ಎಂದರು ಬೀಗಿತ್ತಿ.

ಅವರ ಕಣ್ಣು ಒಂದು ಗಳಿಗೆ ನನ್ನ ಮೇಲೆ ಬಂದು, ಆಚೆಗೆ ತಿರುಗಿತು.

"ಮುಂದಿಂದು ಕಂಪ್ಯೂಟರಲ್ಲಿದೆ, ಮನೇಲಿ ಬಿಟ್ಟು ಬಂದೆ" ಎಂದರು.